ಇನ್‌ಟೇಕ್, ಎಕ್ಸಾಸ್ಟ್, ರೀಮ್ಯಾಪ್ ಮಾಡಿದ್ರೆ 83 ಪಿಎಸ್ ಗಾಡಿ 113 ಆಗ್ತದಾ?

ಕಾಪು_ಸ್ವಿಫ್ಟ್
ನನ್ನದು 2018ರ ಸ್ವಿಫ್ಟ್ ಪೆಟ್ರೋಲ್, 1197 ಸಿಸಿ, ಕಂಪನಿ ಲೆಕ್ಕ ಪವರ್ 83 ಪಿಎಸ್, ಟಾರ್ಕ್ (ತಿರುಗಿಸುವ ಬಲ) 113 ಎನ್‌ಎಂ. ಮಂಗಳೂರಲ್ಲಿ ಒಂದು ಅಂಗಡಿಯವ್ರು ಇನ್‌ಟೇಕಿಗೆ (ಗಾಳಿ ಎಳೆಯುವ ದಾರಿ) 8, ಫ್ರೀ ಫ್ಲೋ ಎಕ್ಸಾಸ್ಟಿಗೆ (ಹೊಗೆ ಸಲೀಸಾಗಿ ಹೋಗುವ ಪೈಪ್) 10, ರೀಮ್ಯಾಪಿಗೆ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) 12 ಅಂತ ಬಿಲ್ ಬುಕ್ಕಿನ ಹಿಂದೆ ಬರೆದು ಕೂಡಿಸಿ 30 ಪಿಎಸ್ ಗ್ಯಾರಂಟಿ ಅಂದ್ರು. 55 ಸಾವಿರ ಕೇಳ್ತಿದ್ದಾರೆ. ಅಷ್ಟು ಬರ್ತದಾ? ಮನೆಯಲ್ಲೇ ಲೆಕ್ಕ ಹಾಕ್ಲಿಕ್ಕೆ ದಾರಿ ಉಂಟಾ?

ಬಜ್ಪೆ_ಟಾರ್ಕ್
ಕೂಡಿಸುವ ಲೆಕ್ಕವೇ ತಪ್ಪು ಮಾರಾಯ್ರೆ. ಗಾಳಿ ಹೋಗುವ ದಾರಿ ಒಂದೇ, ಅದ್ರಲ್ಲಿ ಎಲ್ಲಿ ಇಕ್ಕಟ್ಟು ಉಂಟೋ ಅಲ್ಲಿ ಬಿಡಿಸಿದ್ರೆ ಮಾತ್ರ ಲಾಭ, ಬೇರೆ ಕಡೆ ಎಷ್ಟು ದೊಡ್ಡ ಪೈಪ್ ಹಾಕಿದ್ರೂ ಅಷ್ಟೇ.

ಪೆನ್ನು ಹಿಡಿದು ನೀವೇ ನೋಡಿ. ಟಾರ್ಕನ್ನು ಆರ್‌ಪಿಎಂಗೆ ಗುಣಿಸಿ 7023ರಿಂದ ಭಾಗಿಸಿದ್ರೆ ಪಿಎಸ್. ನಿಮ್ಮ ಇಂಜಿನ್ 6000ದಲ್ಲಿ 83 ಪಿಎಸ್ ಕೊಡ್ತದೆ ಅಂದ್ರೆ ಆಗ ಟಾರ್ಕ್ 97 ಎನ್‌ಎಂ. ಅದೇ 6000ದಲ್ಲಿ 113 ಪಿಎಸ್ ಬೇಕಾದ್ರೆ 132 ಎನ್‌ಎಂ ಬೇಕು! 4200ರಲ್ಲಿ, ಉಸಿರು ಚೆನ್ನಾಗಿ ಎಳೆಯುವಾಗ್ಲೇ ಅದು ಕೊಡುವುದು 113 ಎನ್‌ಎಂ. ಟರ್ಬೋ (ಗಾಳಿ ಒತ್ತಿ ತುಂಬಿಸುವ ಫ್ಯಾನ್) ಇಲ್ಲದ ಇಂಜಿನಿಗೆ ಅಷ್ಟು ಗಾಳಿ ಎಲ್ಲಿಂದ ತುಂಬಿಸ್ತಾರೆ ಅಂತ ಅವ್ರನ್ನೇ ಕೇಳಿ. ಮೂರೂ ಸೇರಿ 5ರಿಂದ 8 ಪಿಎಸ್ ಬಂದ್ರೆ ಪುಣ್ಯ. ಉಳಿದದ್ದು ಸೌಂಡು.

ಶಿರಾಡಿ_ಡೀಸೆಲ್
ಟರ್ಬೋ ಕತೆ ಬೇರೆ, ಅಲ್ಲಿ ಬೂಸ್ಟ್ (ತುಂಬಿಸುವ ಗಾಳಿಯ ಒತ್ತಡ) ಏರಿಸ್ಲಿಕ್ಕೆ ಆಗ್ತದೆ, ಹಾಗಾಗಿ ರೀಮ್ಯಾಪಲ್ಲೇ 20% ಆಸುಪಾಸು ಬರ್ತದೆ. ನನ್ನ ಡೀಸೆಲಿಗೆ ಮಾಡಿಸಿದ್ದೆ, ಎಳೆತ ಭಯಂಕರ ಇತ್ತು, ಆದ್ರೆ ಎರಡು ತಿಂಗಳಲ್ಲಿ ಶಿರಾಡಿ ಘಾಟಿ ಹತ್ತುವಾಗ ಆರ್‌ಪಿಎಂ ಮೇಲೆ ಹೋಗ್ತದೆ, ಗಾಡಿ ಮಾತ್ರ ಅಲ್ಲೇ, ಒಳಗೆಲ್ಲ ಸುಟ್ಟ ವಾಸನೆ. ಕ್ಲಚ್ ಸ್ಲಿಪ್. ಆ ಖರ್ಚು ಯಾರೂ ಬಿಲ್ಲಿನ ಹಿಂದೆ ಬರೆಯುವುದಿಲ್ಲ ನೋಡಿ.

ಪಡುಬಿದ್ರಿ_ರನ್
ಡೈನೋ (ಪವರ್ ಅಳೆಯುವ ಮೆಷಿನ್) ಇಲ್ಲದಿದ್ರೆ ಟೈಮ್ ಹಿಡಿಯಿರಿ. ಬೆಳಿಗ್ಗೆ ಬೇಗ ಹೈವೇ ಖಾಲಿ ಇರುವಾಗ, ಎಸಿ ಬಂದ್ ಮಾಡಿ, ಮೂರನೇ ಗೇರಲ್ಲಿ 60ರಿಂದ 100, ಪಕ್ಕ ಕೂತವ್ರು ಮೀಟರ್ ವಿಡಿಯೋ ಮಾಡ್ಲಿ. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ, ಇಲ್ಲದಿದ್ರೆ ಗಾಳಿ ಹಿಂದಿನಿಂದ ತಳ್ಳಿದ್ದು ಇಂಜಿನ್ ಲೆಕ್ಕಕ್ಕೆ ಹೋಗ್ತದೆ. ಜನ ಸೇರಿ 1050 ಕೆಜಿ ಅಂತ ಇಟ್ರೆ ಆ 60-100ಕ್ಕೆ ಸುಮಾರು 259 ಕಿಲೋಜೂಲ್ ಬೇಕು, ಸೆಕೆಂಡಿನಿಂದ ಭಾಗಿಸಿದ್ರೆ ಕಿಲೋವ್ಯಾಟ್. 8 ಸೆಕೆಂಡ್ ಇದ್ದದ್ದು 7.7 ಆದ್ರೆ ಹೆಚ್ಚಾದದ್ದು 2 ಪಿಎಸಿಗಿಂತಲೂ ಕಡಿಮೆ, ಗಾಳಿ ತಡೆ ಬಿಟ್ಟು.

ಮತ್ತೆ ಬಾನೆಟ್ ಒಳಗೆ ಓಪನ್ ಫಿಲ್ಟರ್ (ಡಬ್ಬಿ ಇಲ್ಲದ ಏರ್ ಫಿಲ್ಟರ್) ಹಾಕ್ಬೇಡಿ ಆಯ್ತಾ. ಹೊರಗೆ 34 ಡಿಗ್ರಿ, ಪಂಪ್‌ವೆಲ್ ಟ್ರಾಫಿಕಲ್ಲಿ ನಿಂತ್ರೆ ಒಳಗೆ 60. ಅದನ್ನು ಎಳ್ಕೊಂಡ್ರೆ ಗಾಳಿ 8% ತೆಳು. ನಮ್ಮೂರ ಸೆಕೆಯ ತೇವ ಬೇರೆ ಮೂರ್ನಾಲ್ಕು ಪರ್ಸೆಂಟ್ ಜಾಗ ಹಿಡಿದಿರ್ತದೆ.

ಬಜ್ಪೆ_ಟಾರ್ಕ್
ಇನ್ನೊಂದು, ಡೈನೋ ಚೀಟಿ ತೋರಿಸಿದ್ರೆ ವೀಲ್ ಪವರಾ (ಚಕ್ರದಲ್ಲಿ ಸಿಗುವುದು) ಕ್ರ್ಯಾಂಕ್ ಪವರಾ (ಇಂಜಿನಲ್ಲೇ ಇರುವುದು) ನೋಡಿ. ಇಂಜಿನಲ್ಲಿ 83 ಇದ್ದದ್ದು ಗೇರ್‌ಬಾಕ್ಸ್ ದಾಟಿ ಚಕ್ರಕ್ಕೆ ಬರುವಾಗ 70 ಆಸುಪಾಸು. ಮೊದಲಿನದ್ದು ವೀಲ್, ಆಮೇಲಿನದ್ದು ಕ್ರ್ಯಾಂಕ್ ಇಟ್ರೆ ಒಂದು ಬೋಲ್ಟ್ ಮುಟ್ಟದೆ 13 ಪಿಎಸ್ ಲಾಭ 😄

ಕಾಪು_ಸ್ವಿಫ್ಟ್
ಅಂಗಡಿಗೆ ಫೋನ್ ಮಾಡಿ ಮೊದಲು ಮತ್ತು ಆಮೇಲೆ ಎರಡೂ ಡೈನೋ ಚೀಟಿ ಕೊಡ್ತೀರಾ ಕೇಳಿದೆ, "ಓಡಿಸಿ ನೋಡಿ ಸರ್, ಗೊತ್ತಾಗ್ತದೆ" ಅಂದ್ರು. ಬೇಡ ಅಂದೆ. ಇವತ್ತು ಬೆಳಿಗ್ಗೆ ಭಾವನನ್ನು ಕೂರಿಸಿ ಟೈಮ್ ಹಿಡಿದೆವು, ಸರಾಸರಿ 8.6 ಸೆಕೆಂಡ್. ಪೆಟ್ರೋಲ್ ಬಂಕಲ್ಲಿ ನೋಡಿದ್ರೆ ನಾಲ್ಕೂ ಟಯರಲ್ಲಿ ಗಾಳಿ ಬರೀ 23 ಪಿಎಸ್‌ಐ! ಗಾಳಿ ತುಂಬಿಸಿ ಏರ್ ಫಿಲ್ಟರ್ ತೆಗೆದೆ, ಅದ್ರಲ್ಲಿ ಒಂದು ಒಣ ಮಾವಿನ ಎಲೆ. ಹೊಸದು ಹಾಕಿ ಭಾನುವಾರ ಮತ್ತೆ ಹೋಗ್ಲಿಕ್ಕುಂಟು.