ಪದಚರ್ಚೆ: 'ನಿಲ್ದಾಣ ಸೇರುವ ಹೊತ್ತು' ಅಂದರೆ ತಲುಪುವುದೋ, ಕೂಡುವುದೋ?

ಗೆಳೆಯರೇ,

ಸೈಕಲ್ ಗುಂಪೊಂದರ ಸೂಚನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಹೋಗುವಾಗ ಸವಾರಿ, ಬರುವಾಗ ಸೈಕಲ್ ಸಮೇತ ರೈಲು. ಹೊರಡುವ ಭಾಗ ಸಲೀಸಾಗಿ ಮುಗಿಯಿತು. ತಕರಾರು ಎದ್ದಿರುವುದು ಕೊನೆಯ ಒಂದು ಸಾಲಿಗೆ: "ನಿಲ್ದಾಣ ಸೇರುವ ಹೊತ್ತು 5 ಗಂಟೆ."

ಒಬ್ಬರು ಇದನ್ನು '5ಕ್ಕೆ ಮುಟ್ಟಿದರೆ ಸಾಕು' ಎಂದು ಓದಿದರು. ಇನ್ನೊಬ್ಬರು '5ಕ್ಕೆ ಎಲ್ಲರೂ ಒಂದು ಕಡೆ ನಿಂತಿರಬೇಕು' ಎಂದರು. ಎರಡಕ್ಕೂ ಆಧಾರ ಇದೆ. 'ಊರು ಸೇರಿದೆವು' ಅಂದರೆ ತಲುಪಿದೆವು. 'ಊರಲ್ಲಿ ಸೇರಿದೆವು' ಅಂದರೆ ಕೂಡಿದೆವು. ಹಾಗಾದರೆ 'ನಿಲ್ದಾಣದಲ್ಲಿ' ಎಂದು ಬರೆದರೆ ಆಯ್ತಲ್ಲ ಅನ್ನಬಹುದು. ಆದರೆ ಮೊಬೈಲಿನಲ್ಲಿ ಸುಮ್ನೆ ಕಣ್ಣಾಡಿಸುವವರು ವಿಭಕ್ತಿ ನೋಡುತ್ತಾರಾ?

ಇದು ಬರೀ ವ್ಯಾಕರಣದ ಮಾತಲ್ಲ. 60 ಕಿ.ಮೀ. ದಾರಿಯನ್ನು ಗಂಟೆಗೆ 15ರಂತೆ ತುಳಿದರೂ ತುಳಿಯುವುದಕ್ಕೇ 4 ಗಂಟೆ ಬೇಕು. ಒಬ್ಬರ ಟ್ಯೂಬ್ ಪಂಕ್ಚರ್ ಆದರೆ ಗುಂಪೇ ನಿಲ್ಲುತ್ತದೆ. ನಿಲ್ದಾಣ ಮುಟ್ಟಿದ ಮೇಲೂ ಕೆಲಸ ಜಾಸ್ತಿ. ಸೈಕಲ್ ಲಗೇಜ್ ಡಬ್ಬಿಗೆ ಹೋಗುವ ರೈಲಾದರೆ ಮೊದಲೇ ಬುಕ್ ಮಾಡಿಸಬೇಕು. ಬ್ಯಾಗಿಗೆ ತುಂಬುವುದಾದರೆ ಚಕ್ರ ಬಿಚ್ಚಬೇಕು, ಪೆಡಲ್ ತೆಗೆಯಬೇಕು. (ಎಡಗಡೆಯದು ಉಲ್ಟಾ ತಿರುಗಿಸಿದರೇ ಬಿಚ್ಚುತ್ತದೆ. ರೈಲು ಬರುವ ಹೊತ್ತಿಗೆ ಇದು ಯಾರಿಗೂ ನೆನಪಿರುವುದಿಲ್ಲ!) ಆಮೇಲೆ ಮೆಟ್ಟಿಲು ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಹೋಗಬೇಕು. ಹಾಗಾಗಿ ಲೆಕ್ಕವನ್ನು ರೈಲಿನಿಂದ ಹಿಂದಕ್ಕೆ ಹಾಕಬೇಕು. ಸವಾರಿ ಮುಗಿಯುವುದು, ಎಲ್ಲರೂ ಕೂಡುವುದು, ರೈಲು ಹೊರಡುವುದು, ಈ ಮೂರಕ್ಕೂ ಬೇರೆ ಬೇರೆ ಮಾತು ಬೇಕು.

'ಗಡುವು' ಎಂಬ ಸಲಹೆ ಬಂತು. ನನಗೆ ಒಪ್ಪಿಗೆಯಿಲ್ಲ. ಬ್ರೆವೆ ಸವಾರಿಗೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಅದು ಸರಿಯಾದ ಪದ. ಅಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಅಂತ ನಿಯಮವೇ ಇದೆ, ಮೀರಿದರೆ ಲೆಕ್ಕಕ್ಕಿಲ್ಲ. ಇಲ್ಲಿ ತಡವಾಗಿ ಬಂದವರನ್ನು ಯಾರೂ ಹೊರಗೆ ಹಾಕುವುದಿಲ್ಲ. ನನ್ನ ಒಲವು 'ಎಲ್ಲರೂ ಕೂಡುವ ಹೊತ್ತು' ಕಡೆಗೆ. ಕೆಲವರ ಕಿವಿಗೆ ಅದು ಲೆಕ್ಕದ ಕೂಡು-ಕಳೆಯಂತೆ ಕೇಳಿಸುತ್ತದಂತೆ. ನಿಮಗೂ ಹಾಗೆ ಕೇಳಿಸುತ್ತದೆಯೇ?

ಇನ್ನೊಂದು ಪದವೂ ಬೇಕಾಗಿದೆ. ಎಲ್ಲರಿಗಿಂತ ಹಿಂದೆ ಇದ್ದು, ಯಾರೂ ದಾರಿಯಲ್ಲಿ ಉಳಿಯದಂತೆ ನೋಡಿಕೊಳ್ಳುವ ಸವಾರನಿಗೆ ಏನನ್ನೋಣ? ಸೈಕಲ್ ಪಂದ್ಯವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಕೊನೆಯ ಸ್ಥಾನದವನನ್ನು 'ಕೆಂಪು ಲಾಂದ್ರ' ಅನ್ನುತ್ತಾರೆ. ರೈಲಿನ ಕೊನೇ ಡಬ್ಬಿಗೆ ನೇತುಹಾಕುತ್ತಿದ್ದ ದೀಪದಿಂದ ಬಂದ ಹೆಸರು ಅದು. ಚೆನ್ನಾಗಿದೆ, ಆದರೆ ಅದು ಸೋತವನ ಹೆಸರು, ಕಾಯುವವನದಲ್ಲ. ನಮ್ಮಲ್ಲಿ 'ಬೆಂಗಾವಲು' ಇದೆ. ಬೆನ್ನಿಗಿರುವ ಕಾವಲು, ಅರ್ಥ ಸರಿಯಾಗಿ ಕೂರುತ್ತದೆ. ಆದರೆ ಈಗ ಆ ಪದ ಕೇಳಿದರೆ ಮಂತ್ರಿಗಳ ಕಾರಿನ ಹಿಂದೆ ಮುಂದೆ ಓಡುವ ಪೊಲೀಸ್ ಜೀಪೇ ಕಣ್ಣಮುಂದೆ ಬರುತ್ತದೆ, ಅಲ್ವಾ? 'ಬೆಂಗಾವಲು ಸವಾರ' ಎಂದು ಜೋಡಿಸಿದರೆ ಆ ಜೀಪು ಹೋಗುತ್ತದೆಯೇ, ಅಥವಾ ಸುಮ್ಮನೆ 'ಕೊನೆಯಾಳು' ಅನ್ನುವುದೇ ವಾಸಿಯೇ? ನಿಮ್ಮ ಕಡೆ ಬಳಕೆಯಲ್ಲಿರುವ ಮಾತಿದ್ದರೆ ಅದನ್ನೂ ಹೇಳಿ.