ಮಿದುಳು 1.2% ಕುಗ್ಗಿದೆ ಅಂತ ರಿಪೋರ್ಟ್. ನಂಬಬಹುದಾ?

ಮಲ್ಲೇಶ್ವರಂ_ಮಲ್ಲಿಗೆ:
ಹೋದ ವರ್ಷ ಒಂದು ಕಣ್ಣು ಮಂಜಾಗಿ, ಎಂಆರ್‌ಐ ಮಾಡಿಸಿದಾಗ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ನರಗಳಿಗೆ ಹಾನಿ ಮಾಡುವ ಕಾಯಿಲೆ) ಅಂತ ಗೊತ್ತಾಯಿತು. ಆ ಸ್ಕ್ಯಾನ್ ಜಯನಗರದಲ್ಲಿ, 1.5 ಟೆಸ್ಲಾ (ಮೆಷಿನ್‌ನ ಅಯಸ್ಕಾಂತದ ಶಕ್ತಿಯ ಅಳತೆ) ಮೆಷಿನ್. ಈ ಸಲ ಮನೆ ಹತ್ತಿರವೇ, 3 ಟೆಸ್ಲಾ. ಜೊತೆಗೆ ಬಣ್ಣಬಣ್ಣದ ಗ್ರಾಫ್ ಇರುವ ಹಾಳೆಯನ್ನೂ ಕೊಟ್ಟಿದ್ದಾರೆ, ಸಾಫ್ಟ್‌ವೇರ್ ಹಾಕಿದ ಲೆಕ್ಕವಂತೆ. ಕಾಯಿಲೆಯಿಂದ ಮಿದುಳಲ್ಲಿ ಆಗುವ ಕಲೆಗಳು ಹೊಸದಾಗಿ ಇಲ್ಲ. ಆದರೆ ಮಿದುಳಿನ ಗಾತ್ರ 1.2% ಕಡಿಮೆ ಅಂತ ಕೆಂಪಕ್ಷರದಲ್ಲಿದೆ. ನಾನು ಆರಾಮಾಗಿ ಓಡಾಡುತ್ತಿದ್ದೇನೆ. ಅಮ್ಮ ಮಾತ್ರ ಆ ಹಾಳೆ ನೋಡಿ ಸರಿಯಾಗಿ ಊಟ ಮಾಡುತ್ತಿಲ್ಲ. ಡಾಕ್ಟರ್ ಸಿಗುವುದು ಮುಂದಿನ ತಿಂಗಳು. ಔಷಧಿ ಕೆಲಸ ಮಾಡ್ತಿಲ್ವಾ?

ಸ್ಕ್ಯಾನ್‌ರೂಮ್:
ಮೇಡಂ, ನಾನು ಎಂಆರ್‌ಐ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಮೆಷಿನ್ ಬದಲಾಗಿದ್ದರೆ ಆ 1.2 ಅನ್ನು ನಾನಂತೂ ನಂಬುವುದಿಲ್ಲ. ಆರೋಗ್ಯವಾಗಿರುವ ದೊಡ್ಡವರಲ್ಲೂ ಮಿದುಳು ವರ್ಷಕ್ಕೆ ಸುಮಾರು 0.1ರಿಂದ 0.3% ಕುಗ್ಗುತ್ತದೆ. ಎಂಎಸ್‌ಗೆ ಚಿಕಿತ್ಸೆ ಇಲ್ಲದಿದ್ದರೆ 0.5ರಿಂದ 1.35%. ಹಿಡಿಯಬೇಕಾದ ವ್ಯತ್ಯಾಸವೇ ಇಷ್ಟು ಸಣ್ಣದು ನೋಡಿ. 3 ಟೆಸ್ಲಾದಲ್ಲಿ ಬೂದು ಭಾಗ, ಬಿಳಿ ಭಾಗದ ಗಡಿ ಬೇರೆ ಥರ ಕಾಣುತ್ತದೆ. ಸಾಫ್ಟ್‌ವೇರ್ ಅದನ್ನೂ ಕುಗ್ಗಿದ ಲೆಕ್ಕಕ್ಕೆ ಸೇರಿಸಿಬಿಡಬಹುದು. ಹಳೇ ಸಿಡಿ ಹಾಕಿ ಸ್ಲೈಸ್ ದಪ್ಪ, ಅಂದರೆ ಒಂದೊಂದು ಚಿತ್ರ ತೋರಿಸುವ ಪದರದ ದಪ್ಪ, ಎಷ್ಟಿದೆ ನೋಡಿ. ಅದು 5 ಮಿಲಿಮೀಟರ್, ಹೊಸದು 1 ಮಿಲಿಮೀಟರ್‌ನ 3ಡಿ ಆಗಿದ್ದರೆ ಹೋಲಿಸುವುದೇ ಬೇಡ. ನೀರು ಕುಡಿಯದೆ ಬಂದು ಮಲಗಿದರೂ ಅಳತೆ ಸ್ವಲ್ಪ ಏರುಪೇರಾಗುತ್ತದೆ, ಗೊತ್ತಾ?

ಯಶವಂತಪುರ_ಪಿಎಚ್‌ಡಿ:
ಔಷಧಿ ಶುರುವಾಗಿದ್ದು ಯಾವಾಗ? ಮೊದಲ ಸ್ಕ್ಯಾನ್ ಆದ ಮೇಲಾದರೆ ಇನ್ನೊಂದು ವಿಷಯ ಇದೆ. ಔಷಧಿ ಉರಿಯೂತ ತಗ್ಗಿಸಿದಾಗ ಮಿದುಳಲ್ಲಿ ಸೇರಿದ್ದ ನೀರೂ ಇಳಿಯುತ್ತದೆ. ಗಾತ್ರ ಕಡಿಮೆಯಾಗುತ್ತದೆ, ನರಕೋಶ ಸತ್ತು ಅಲ್ಲ. ಮೊದಲ ವರ್ಷ ಇದು ಜಾಸ್ತಿ. ಸ್ಯೂಡೋಅಟ್ರೋಫಿ ಅನ್ನುತ್ತಾರೆ.

ಔಷಧಿ ಟ್ರಯಲ್‌ಗಳಲ್ಲಿ ನೂರಾರು ಜನರ ಸರಾಸರಿ ತೆಗೆಯುವಾಗ ಈ ಅಳತೆ ತುಂಬಾ ಉಪಯೋಗ. ಒಬ್ಬರದ್ದೇ ಎರಡು ಸ್ಕ್ಯಾನ್ ಇಟ್ಟುಕೊಂಡು ತೀರ್ಮಾನ ಹೇಳೋದು ಕಷ್ಟ. 2021ರ ಅಂತರರಾಷ್ಟ್ರೀಯ ಎಂಆರ್‌ಐ ಮಾರ್ಗಸೂಚಿಯೂ ದಿನನಿತ್ಯದ ಚಿಕಿತ್ಸೆಯಲ್ಲಿ ಇದನ್ನು ಶಿಫಾರಸು ಮಾಡಿಲ್ಲ. ಅಂಥದ್ದನ್ನು ಕೆಂಪಕ್ಷರದಲ್ಲಿ ಅಚ್ಚು ಹಾಕಿ ರೋಗಿ ಕೈಗೆ ಕೊಡೋದು ಯಾಕೋ! ಹೊಸ ಕಲೆಗಳಿಲ್ಲ ಅನ್ನುವ ಸಾಲಿಗೇ ಜಾಸ್ತಿ ಬೆಲೆ. ಔಷಧಿ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮಲ್ಲೇಶ್ವರಂ_ಮಲ್ಲಿಗೆ:
ಸಿಡಿ ನೋಡಿದೆ. ಹಳೇದು 5 ಮಿಲಿಮೀಟರೇ. ಔಷಧಿ ಶುರುವಾಗಿದ್ದೂ ಅದಾದ ಮೇಲೆ. ಮುಂದಿನ ಸಲ ಎಲ್ಲಿ ಮಾಡಿಸಲಿ?

ಸ್ಕ್ಯಾನ್‌ರೂಮ್:
ಈಗ ಮಾಡಿಸಿದಲ್ಲೇ. ಅದೇ ಮೆಷಿನ್, ಅದೇ ಪ್ರೋಟೋಕಾಲ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಫಿಲ್ಮ್ ಸಾಲದು, ಡೈಕಾಮ್ ಫೈಲ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರಗಳು) ಕೇಳಿ ತಗೊಳ್ಳಿ. ಆ ಬಣ್ಣದ ಹಾಳೆ ಅಮ್ಮನ ಕೈಗೆ ಸಿಗದ ಹಾಗೆ ಇಡಿ.