ಜೈಲಿನಲ್ಲಿ ಮಾತ್ರೆ: ಕೈಗೆ ಕೊಡಬೇಕೋ, ಎದುರಿಗೇ ನುಂಗಿಸಬೇಕೋ?

ಔಷಧಿಕಿಟಕಿ:
ಜೈಲು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ನಮ್ಮಲ್ಲಿ ಎಲ್ಲ ಮಾತ್ರೆಯನ್ನೂ ದಿನಕ್ಕೆರಡು ಸಲ ಸಾಲು ನಿಲ್ಲಿಸಿ, ಎದುರಿಗೇ ನುಂಗಿಸಿ ಕಳಿಸುತ್ತೇವೆ. ಸಂಜೆ ಬೇಗ ಬೀಗ ಬೀಳುವುದರಿಂದ, ಮಲಗುವಾಗ ತಗೋಬೇಕಾದ ಮಾತ್ರೆ 4 ಗಂಟೆಗೇ ಹೊಟ್ಟೆ ಸೇರುತ್ತದೆ. 6ಕ್ಕೆ ತೂಕಡಿಕೆ, ನಡುರಾತ್ರಿ ಎಚ್ಚರ. ಬಿಪಿ, ಥೈರಾಯ್ಡ್, ಕೊಲೆಸ್ಟರಾಲ್ ಮಾತ್ರೆಗಳನ್ನಾದರೂ ಅವರ ಕೈಗೇ ಕೊಡಬಾರದೇಕೆ?

ಕಾವಲುಪಾಳಿ:
ಮೇಡಂ, ಕೆನ್ನೆಯ ಸಂದಿಯಲ್ಲಿ ಮಾತ್ರೆ ಒತ್ತಿಕೊಂಡು ಹೋಗಿ ಮಾರುವವರನ್ನು ನಾವು ದಿನಾ ನೋಡುತ್ತೇವೆ. ನರನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರೆಗಾಬಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್, ಇವು ಮಂಪರು ತರುತ್ತವೆಂದು ಒಳಗೆ ಬೆಲೆಯಿದೆ. ಪಾಪದವನ ಕೈಗೆ ಕೊಟ್ಟರೆ ಬ್ಯಾರಕ್ಕಿನ ದಾಂಡಿಗ ಕಿತ್ತುಕೊಳ್ಳುತ್ತಾನೆ. ಕೂಡಿಟ್ಟು ಒಟ್ಟಿಗೇ ನುಂಗಿಬಿಟ್ಟರೆ ಯಾರು ಹೊಣೆ?

ಔಷಧಿಕಿಟಕಿ:
ನೀವು ಹೇಳಿದ ಮೂರೂ ಎದುರಿಗೇ ಆಗಲಿ, ತಕರಾರಿಲ್ಲ. ಟಿಬಿ ಮಾತ್ರೆಯೂ ಹಾಗೇ. ಬಿಪಿ ಮಾತ್ರೆಯನ್ನು ಯಾರೂ ಕೊಳ್ಳುವುದಿಲ್ಲ ನಿಜ, ಆದರೆ ಅಮ್ಲೋಡಿಪಿನ್ ಒಂದು ಹಿಡಿ ನುಂಗಿದವರನ್ನು ಉಳಿಸುವುದು ಕಷ್ಟ. ಅದಕ್ಕೇ ಮಾತ್ರೆಯನ್ನೂ ನೋಡಬೇಕು, ಮನುಷ್ಯನನ್ನೂ ನೋಡಬೇಕು. ಆತ್ಮಹತ್ಯೆಯ ಅಪಾಯ ಕಾಣದವರಿಗೆ ವಾರದಷ್ಟು ಮಾತ್ರೆ ಕೈಗೇ ಕೊಡೋಣ, ಹೆಸರು ಬರೆದ ಸ್ಟ್ರಿಪ್‌ನಲ್ಲಿ. ಸಾಲು ಚಿಕ್ಕದಾದರೆ ನರ್ಸ್‌ಗೆ ಬಾಯಿ ತೆರೆಸಿ ನೋಡಲು ಸಮಯವಾದರೂ ಸಿಗುತ್ತದೆ.

ರಾತ್ರಿಪಾಳಿನರ್ಸ್:
ಇನ್ಸುಲಿನ್ ಬಗ್ಗೆ ಯಾರೂ ಹೇಳಲಿಲ್ಲ. ಬೇಗ ಕೆಲಸ ಮಾಡುವ ಇನ್ಸುಲಿನ್ ಚುಚ್ಚಿದ ಮೇಲೆ 15 ನಿಮಿಷದೊಳಗೆ ಊಟ ಮುಂದಿರಬೇಕು. ಚುಚ್ಚಿ ಕಳಿಸುತ್ತೇವೆ, ಅಷ್ಟರಲ್ಲಿ ತಲೆ ಎಣಿಕೆ ತಪ್ಪುತ್ತದೆ, ಮತ್ತೆ ಎಣಿಕೆ, ಊಟ ನಿಂತೇಹೋಗುತ್ತದೆ. ಬೆವತು ನಡುಗುತ್ತಿರುವವನನ್ನು ನಾಟಕ ಮಾಡ್ತಿದ್ದಾನೆ ಅಂದದ್ದನ್ನು ನಾನೇ ಕೇಳಿದ್ದೇನೆ. ಸಕ್ಕರೆ ಪೂರ್ತಿ ಇಳಿದಿತ್ತು.

ಕೈದಿಯಅಕ್ಕ:
ನನ್ನ ತಮ್ಮನಿಗೆ ಫಿಟ್ಸ್ ಇದೆ. ಕೋರ್ಟ್ ದಿನ ಬೆಳಿಗ್ಗೆ 6ಕ್ಕೇ ವ್ಯಾನ್ ಹತ್ತಿಸುತ್ತಾರೆ, ಔಷಧಿ ಕೊಡುವುದು 8ಕ್ಕೆ. ವಾಪಸ್ ಬರುವಷ್ಟರಲ್ಲಿ ಸಂಜೆಯ ಸಾಲೂ ಮುಗಿದಿರುತ್ತದೆ. ಹಾಗೆ ಎರಡೂ ಡೋಸ್ ತಪ್ಪಿದ ರಾತ್ರಿಯೇ ಫಿಟ್ಸ್ ಬಂದು ಬಿದ್ದ. ಚಾರ್ಟಿನಲ್ಲಿ ಬರೆದದ್ದು ‘ಗೈರು’ ಅಂತ. ಅವನೇನು ಬೇಡ ಅಂದಿದ್ದನಾ?

ಔಷಧಿಕಿಟಕಿ:
ಅಕ್ಕ, ಓದಿ ಸಂಕಟವಾಯಿತು. ಬೇಡವೆಂದ, ಕೋರ್ಟಿಗೆ ಹೋಗಿದ್ದ, ಸ್ಟಾಕ್ ಇರಲಿಲ್ಲ, ಕರೆತರಲು ಸಿಬ್ಬಂದಿ ಇರಲಿಲ್ಲ: ನಾಲ್ಕನ್ನೂ ಬೇರೆಬೇರೆ ಬರೆಯಲೇಬೇಕು. ಎಲ್ಲಕ್ಕೂ ‘ಗೈರು’ ಅಂದರೆ ತಪ್ಪು ಕೈದಿಯ ತಲೆಗೇ ಬರುತ್ತದೆ, ಸರಿಪಡಿಸುವುದು ಏನನ್ನು ಅಂತ ನಮಗೂ ತಿಳಿಯುವುದಿಲ್ಲ.

ಸಮುದಾಯವೈದ್ಯ:
ಬಿಡುಗಡೆಯ ದಿನವನ್ನೂ ಸೇರಿಸಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಮಾದಕದ್ರವ್ಯದ ಅತಿಸೇವನೆಯಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಇತ್ತು. ಒಳಗಿದ್ದಾಗ ತಾಳಿಕೊಳ್ಳುವ ಶಕ್ತಿ ಇಳಿದಿರುತ್ತದೆ, ಹೊರಗೆ ಹಳೆಯ ಪ್ರಮಾಣವನ್ನೇ ತಗೊಳ್ಳುತ್ತಾರೆ. ಅಫೀಮು, ಹೆರಾಯಿನ್‌ನಂಥವುಗಳ ಚಟದ ಚಿಕಿತ್ಸೆಗೆ ಕೊಡುವ ಮೆಥಡೋನ್, ಬ್ಯುಪ್ರೆನಾರ್ಫಿನ್ ಮಾರಾಟವಾಗುತ್ತವೆಂದು ನಿಲ್ಲಿಸುವುದು ಪರಿಹಾರವಲ್ಲ. ಎದುರಿಗೇ ಕೊಡಿ, ಹೋಗುವಾಗ ಹೊರಗಿನ ಕ್ಲಿನಿಕ್‌ನ ದಿನ ಗೊತ್ತುಮಾಡಿ ಕಳಿಸಿ. ಚಿಕಿತ್ಸೆಯ ತೀರ್ಮಾನ ವೈದ್ಯಕೀಯ ಸಿಬ್ಬಂದಿಯದೇ, ಜೈಲಿನ ಬೇರೆ ಸಿಬ್ಬಂದಿ ಅದನ್ನು ತಳ್ಳಿಹಾಕುವಂತಿಲ್ಲ ಎಂದು ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳಲ್ಲಿ, 27ನೆಯದರಲ್ಲಿ, ಸ್ಪಷ್ಟವಾಗಿದೆ.

ಕಾವಲುಪಾಳಿ:
ಡಾಕ್ಟರೇ, ನಿಯಮ ಒಪ್ಪಿದೆ. ಆದರೆ ಕರೆತರುವ ಕೈಗಳು ನಮ್ಮವು, ವೇಳಾಪಟ್ಟಿ ಮಾಡುವಾಗ ನಮ್ಮನ್ನೂ ಕೂರಿಸಿಕೊಳ್ಳಿ. ಮಾರನೆಯ ದಿನದ ಕೋರ್ಟ್ ಪಟ್ಟಿ ಹಿಂದಿನ ಸಂಜೆಯೇ ನಮ್ಮ ಮೇಜಿನ ಮೇಲಿರುತ್ತದೆ. ಒಂದು ಪ್ರತಿ ಔಷಧಿ ವಿಭಾಗಕ್ಕೆ ಹೋದರೆ ಬೆಳಗಿನ ಡೋಸ್ ವ್ಯಾನ್ ಹೊರಡುವ ಮೊದಲೇ ಕೊಡಬಹುದು, ಸಂಜೆಯದನ್ನು ಎತ್ತಿಟ್ಟಿರಬಹುದು. ಅದಕ್ಕೆ ಹೊಸ ದುಡ್ಡೂ ಬೇಡ. ಗ್ಯಾಬಪೆಂಟಿನ್ ಮಾತ್ರ ಯಾರ ಕೈಗೂ ಬೇಡ, ಆ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.